ಹೌದಿನ ಕಾವಲಿಗೆ ಗಪ್ಪಿ ಮೀನು



ಮರಾಠಿಯಲ್ಲಿ 'ಗಪ್ಪಾ' ಅಂದರೆ ಹರಟೆ. ಆದರೆ ಆರೋಗ್ಯ ಖಾತೆಯವರು 'ಗಪ್ಪಿ ಮಾಸೆ' ಅಂದಾಗ ಅದು ಹರಟೆಯ ಮಾತಲ್ಲ. ಸೊಳ್ಳೆಮರಿ ತಿನ್ನುವ ಪುಟ್ಟ ಮೀನಿನ ಮಾತು. ಪೇಟೆಯ ಮನೆಗಳಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಬಾಲ ಬೀಸುತ್ತ ಓಡಾಡುವುದೂ ಇದೇ ಮೀನು.

ಇದರ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್. 1866ರಲ್ಲಿ ಟ್ರಿನಿಡಾಡಿನಿಂದ ಲಂಡನ್ನಿಗೆ ಇದನ್ನು ಕಳಿಸಿದ ಲೆಚ್‌ಮಿಯರ್ ಗಪ್ಪಿ ಎಂಬವರ ಹೆಸರೇ ಮೀನಿಗೆ ಉಳಿಯಿತು. ಗಂಡಿಗೆ ಬಣ್ಣ ಹೆಚ್ಚು, ಹೆಣ್ಣಿಗೆ ಗಾತ್ರ ಹೆಚ್ಚು. ಇದು ಮೊಟ್ಟೆ ಇಡುವುದಿಲ್ಲ. ಸುಮಾರು ನಾಲ್ಕು ವಾರಕ್ಕೊಮ್ಮೆ ಜೀವಂತ ಮರಿ ಹಾಕುತ್ತದೆ. ಬಾಯಿ ಮೇಲ್ಮುಖ. ಸೊಳ್ಳೆಮರಿ ಉಸಿರಿಗೆಂದು ನೀರಿನ ಮೇಲೆ ಬಂದಾಗ ಸುಲಭವಾಗಿ ಹಿಡಿಯುತ್ತದೆ.

ಮಂಗಳವೇಢೆ ಜೋಳದ ಸೀಮೆ, ಮಳೆ ಕಡಿಮೆ. ನಳಕ್ಕೆ ನೀರು ಬಂದ ದಿನ ಹೌದು, ಹಂಡೆ, ಬ್ಯಾರಲ್ಲು ಎಲ್ಲ ತುಂಬಿಡುತ್ತೇವೆ. ಡೆಂಗಿ ಹರಡುವ ಏಡಿಸ್ ಸೊಳ್ಳೆಗೆ ಬೇಕಾದದ್ದೂ ಇಂಥ ನಿಂತ ತಿಳಿನೀರೇ. ಹತ್ತು ದಿನದೊಳಗೆ ಮೊಟ್ಟೆ ಸೊಳ್ಳೆಯಾಗಿ ಹಾರಬಹುದು. ಹೀಗಾಗಿ ಮಳೆಯಿಲ್ಲ, ಸೊಳ್ಳೆಯೂ ಇಲ್ಲ ಅನ್ನುವುದು ತಪ್ಪು ಲೆಕ್ಕ.

ಕರ್ನಾಟಕದ ಕೆಲವು ಹಳ್ಳಿಗಳ ಬಾವಿಗಳಲ್ಲಿ ಗಪ್ಪಿ ಬಿಟ್ಟು ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಬಾವಿಯಲ್ಲಿ ಬೆಳೆಯುವ ಮಲೇರಿಯಾ ಸೊಳ್ಳೆಯನ್ನು ಈ ಮೀನು ತಗ್ಗಿಸಬಲ್ಲದು ಎಂಬುದು ಅದರಿಂದ ತಿಳಿಯಿತು.

ಹಾಗಾದರೆ ನಾವೇನು ಮಾಡಬೇಕು? ಬಳಕೆಯ ನೀರಿನ ದೊಡ್ಡ ಹೌದು, ದನದ ತೊಟ್ಟಿ, ಹಾಳುಬಿದ್ದ ಬಾವಿ ಇವುಗಳಿಗೆ ಗಪ್ಪಿ ಸರಿ. ಮೀನು ಬೇಕಾದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಮೀನಿರುವ ನೀರಿಗೆ ಬ್ಲೀಚಿಂಗ್ ಪುಡಿ ಹಾಕಬೇಡಿರಿ, ಮೀನು ಸಾಯುತ್ತದೆ. ಕುಡಿಯುವ ನೀರಿನ ಕೊಡ, ರಾಂಜಣಗಳನ್ನು ಮಾತ್ರ ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆ ತಿಕ್ಕಿ ಒಣಗಿಸಿ, ಬಿಗಿಯಾಗಿ ಮುಚ್ಚಿಡಿರಿ. ಏಡಿಸ್ ಸೊಳ್ಳೆಯ ಮೊಟ್ಟೆ ಗೋಡೆಗೇ ಅಂಟಿರುತ್ತದೆ.

ಇನ್ನೊಂದು ಮಾತು. ಸಾಕಿ ಬೇಸರವಾಯಿತೆಂದು ಗಪ್ಪಿಯನ್ನು ಭೀಮಾ ನದಿಗಾಗಲಿ, ಮಾಣ ನದಿಗಾಗಲಿ, ಊರ ಕೆರೆಗಾಗಲಿ ಬಿಡಬೇಡಿರಿ. ಹೊರಗಿನಿಂದ ಬಂದ ಈ ಮೀನು ಬೇಗ ಹೆಚ್ಚಿ, ನಮ್ಮ ನೀರಿನ ಸಣ್ಣ ಮೀನುಗಳ ಆಹಾರಕ್ಕೂ ಮರಿಗಳಿಗೂ ಕುತ್ತಾಗಬಹುದು.

ಹೌದಿಗೆ ಗಪ್ಪಿ ಕಾವಲು, ಕೊಡಕ್ಕೆ ನಮ್ಮ ಕೈಯೇ ಕಾವಲು. ಎರಡೂ ಕೂಡಿದರೆ ಮನೆಯ ಮಕ್ಕಳು ಜ್ವರದಿಂದ ದೂರ.