ಹಿಮ್ಮಡಿಯ ನೋವು ಮತ್ತು ಪಾದರಕ್ಷೆಯ ಆಯ್ಕೆ



ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಊರಿದೊಡನೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗಿ, ಗೋಡೆ ಹಿಡಿದು ನಡೆಯುವವರನ್ನು ನೀವು ಮನೆಯಲ್ಲೇ ನೋಡಿರಬಹುದು. ಅಡುಗೆಮನೆಯ ಕಲ್ಲುನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವ ತಾಯಿ, ದಿನವಿಡೀ ನಿಂತು ಪಾಠ ಹೇಳುವ ಅಧ್ಯಾಪಕರು, ಬಸ್ಸಿನ ನಿರ್ವಾಹಕರು, ಆಸ್ಪತ್ರೆಯ ದಾದಿಯರು ಈ ನೋವಿಗೆ ಸುಲಭವಾಗಿ ಗುರಿಯಾಗುತ್ತಾರೆ. ಗಸ್ತು ತಿರುಗುವ ಪೊಲೀಸರನ್ನು ಕಾಡುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ 'ಪೊಲೀಸರ ಹಿಮ್ಮಡಿ' ಎಂಬ ಹಳೆಯ ಹೆಸರೂ ಇದೆ. ನಾಲ್ಕು ಹೆಜ್ಜೆ ನಡೆದ ಮೇಲೆ ನೋವು ತಗ್ಗುವುದರಿಂದ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಕಾಲಲ್ಲಿರುವ ಚಪ್ಪಲಿಯ ಕಡೆಗಂತೂ ಯಾರ ಗಮನವೂ ಹೋಗುವುದಿಲ್ಲ.

ನೋವು ಏಕೆ ಬರುತ್ತದೆ? ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಿಮ್ಮಡಿಯ ಮೂಳೆ. ಅದರ ತಳದಿಂದ ಹೊರಟ ನಾರಿನಂಥ ಗಟ್ಟಿ ಪಟ್ಟಿಯೊಂದು ಅಂಗಾಲಿನ ಉದ್ದಕ್ಕೂ ಹಾಯ್ದು ಬೆರಳುಗಳ ಬುಡವನ್ನು ಸೇರುತ್ತದೆ. ಇದೇ ಪ್ಲಾಂಟಾರ್ ಫೇಶಿಯಾ. ಪಾದದ ಕಮಾನು ಬಿಲ್ಲಾದರೆ ಈ ಪಟ್ಟಿ ಅದರ ಹೆದೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಕುಳಿತುಕೊಂಡು ಒಂದು ಪಾದವನ್ನು ಮೊಣಕಾಲಿನ ಮೇಲಿಟ್ಟು, ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಬಾಗಿಸಿ. ಅಂಗಾಲಿನ ನಡುವೆ ಹಗ್ಗದಂತೆ ಬಿಗಿಯಾಗುವುದು ಅದೇ ಪಟ್ಟಿ. ಪ್ರತಿ ಹೆಜ್ಜೆಗೂ ಅದು ಹೀಗೆ ಬಿಗಿಯುತ್ತದೆ, ಮತ್ತೆ ಸಡಿಲವಾಗುತ್ತದೆ. ಎಳೆತ ಮಿತಿಮೀರಿದರೆ ಹಿಮ್ಮಡಿಗೆ ಅಂಟಿಕೊಂಡ ತುದಿ ಘಾಸಿಗೊಳ್ಳುತ್ತದೆ. ರಾತ್ರಿಯ ವಿಶ್ರಾಂತಿಯಲ್ಲಿ ಕುಗ್ಗಿದ ಪಟ್ಟಿ ಬೆಳಗಿನ ಮೊದಲ ಹೆಜ್ಜೆಗೆ ಥಟ್ಟನೆ ಹಿಗ್ಗಬೇಕಾಗುತ್ತದೆ. ಆಗಲೇ ನೋವು ಹೆಚ್ಚು.

ಶಾಲಾ ವಯಸ್ಸಿನವರಲ್ಲಿ ಕಾರಣ ಬೇರೆ ಇರಬಹುದು. ಸುಮಾರು 8ರಿಂದ 14 ವರ್ಷದವರೆಗೆ ಹಿಮ್ಮಡಿ ಮೂಳೆಯ ಹಿಂಭಾಗದಲ್ಲಿ ಬೆಳವಣಿಗೆಯ ಮೃದ್ವಸ್ಥಿ ಪದರವಿರುತ್ತದೆ. ಓಡುವಾಗ, ಖೋ ಖೋ ಆಡುವಾಗ ಮೀನಖಂಡದ ಸ್ನಾಯುಗಳು ಅದನ್ನು ಮತ್ತೆ ಮತ್ತೆ ಜಗ್ಗುತ್ತವೆ. ಅಮೆರಿಕದ ವೈದ್ಯ ಜೇಮ್ಸ್ ವಾರೆನ್ ಸೀವರ್ 1912ರಲ್ಲಿ ಈ ತೊಂದರೆಯನ್ನು ವಿವರಿಸಿದರು. ಆಟದ ಪೀರಿಯಡ್ಡಿನಲ್ಲಿ ಕುಂಟುವ ಹುಡುಗನನ್ನೋ ಹುಡುಗಿಯನ್ನೋ 'ನೆಪ ಹೇಳಬೇಡ' ಎಂದು ಗದರುವ ಮೊದಲು ಇದನ್ನು ನೆನೆಯಬೇಕು. ಕೆಲವು ಕಾಲ ಓಟ ತಗ್ಗಿಸಿ, ಹಿಮ್ಮಡಿಗೆ ಆಸರೆ ಒದಗಿಸಿದರೆ ಇದು ವಾಸಿಯಾಗುತ್ತದೆ. ಆಟವನ್ನೇ ಬಿಟ್ಟುಬಿಡುವ ಅಗತ್ಯವಿಲ್ಲ.

ಇನ್ನು ಪಾದರಕ್ಷೆಯ ವಿಚಾರ. 'ಮೆತ್ತಗಿದೆ' ಎಂಬ ಒಂದೇ ಗುಣಕ್ಕೆ ಮರುಳಾಗಬೇಡಿ. ಮೆತ್ತೆ ಬೇರೆ, ಆಸರೆ ಬೇರೆ. ಎರಡೂ ಬೇಕು. ಬೆಲೆಯ ಚೀಟಿ ನೋಡುವ ಮೊದಲು ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಮೊದಲನೆಯದು, ಬೂಟಿನ ಹಿಮ್ಮಡಿ ಭಾಗವನ್ನು ಎರಡು ಬೆರಳುಗಳಿಂದ ಒತ್ತಿ. ಅದು ಸುಲಭವಾಗಿ ಕುಸಿಯಬಾರದು. ಎರಡನೆಯದು, ಮುಂಭಾಗವನ್ನು ಮೇಲಕ್ಕೆ ಬಾಗಿಸಿ. ಬೆರಳುಗಳು ಮಡಿಯುವ ಜಾಗದಲ್ಲಿ ಬಾಗಬೇಕೇ ಹೊರತು ನಟ್ಟನಡುವೆ ಅಲ್ಲ. ಮೂರನೆಯದು, ಒದ್ದೆ ಬಟ್ಟೆಯಂತೆ ಹಿಂಡಿ ನೋಡಿ. ಸಲೀಸಾಗಿ ತಿರುಚಿಕೊಂಡರೆ ಅದು ಬೇಡ. ಹಿಮ್ಮಡಿಯ ಭಾಗ ಮುಂಭಾಗಕ್ಕಿಂತ ಒಂದೆರಡು ಸೆಂಟಿಮೀಟರ್ ಎತ್ತರವಿದ್ದರೆ ಸಾಕು.

ಸವೆದು ತೆಳ್ಳಗಾದ ಹವಾಯಿ ಚಪ್ಪಲಿ ಈ ಯಾವ ಪರೀಕ್ಷೆಯಲ್ಲೂ ಉತ್ತೀರ್ಣವಾಗುವುದಿಲ್ಲ. ನಮ್ಮ ಅಥಣಿ, ನಿಪ್ಪಾಣಿಗಳ ಕುಶಲ ಕೈಗಳು ಮಾಡುವ ಕೊಲ್ಹಾಪುರಿ ಚಪ್ಪಲಿ ಅಂದವೂ ಹೌದು, ಗಟ್ಟಿಯೂ ಹೌದು. ಆದರೆ ಅದರ ಚಪ್ಪಟೆ ಅಟ್ಟೆಯಲ್ಲಿ ಹಿಮ್ಮಡಿಗೆ ಮೆತ್ತೆಯಿಲ್ಲ. ನೋವಿರುವಷ್ಟು ದಿನ ಅದನ್ನು ಎತ್ತಿಡುವುದು ಮೇಲು.

ಅಳತೆಯ ಮಾತೂ ಮುಖ್ಯ. ಬ್ರಿಟಿಷ್ ಕ್ರಮದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಅಂಗುಲದ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಈ ನಂಬರು ಹೇಳುವುದು ಉದ್ದವನ್ನು ಮಾತ್ರ, ಅಗಲವನ್ನಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದಾಗ, ನಮ್ಮ ಪಾದಗಳು ಐರೋಪ್ಯರ ಪಾದಗಳಿಗಿಂತ ಸಾಮಾನ್ಯವಾಗಿ ಅಗಲವೆಂದು ಕಂಡುಬಂತು. ಆದ್ದರಿಂದ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಆ ಹಾಳೆಯನ್ನು ಅಂಗಡಿಗೆ ಒಯ್ಯಿರಿ. ಬೂಟನ್ನು ಅದರ ಮೇಲಿಟ್ಟಾಗ ಗೆರೆ ಪಕ್ಕಕ್ಕೆ ಇಣುಕಿದರೆ ಅದು ಬಿಗಿ. ಸಂಜೆಯ ಹೊತ್ತು ಪಾದ ತುಸು ಊದಿರುತ್ತದೆ, ಆಗಲೇ ಕೊಳ್ಳಿ. ಎರಡೂ ಕಾಲಿಗೆ ಹಾಕಿ, ಎದ್ದು ನಡೆದು ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ. 'ಎರಡು ವರ್ಷ ಬರಲಿ' ಎಂದು ದೊಡ್ಡ ನಂಬರು ತೆಗೆದುಕೊಂಡರೆ ಹಿಮ್ಮಡಿ ಒಳಗೆ ಜಾರುತ್ತದೆ, ಆಸರೆ ತಪ್ಪುತ್ತದೆ.

ನಮ್ಮ ಮನೆಗಳಲ್ಲಿ ಚಪ್ಪಲಿಯನ್ನು ಹೊಸಿಲಾಚೆ ಬಿಡುವುದು ವಾಡಿಕೆ. ಆದರೆ ನೋವಿರುವವರು ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತರೆ ಹೊರಗಿನ ಒಳ್ಳೆಯ ಬೂಟಿನಿಂದ ಅರ್ಧ ಪ್ರಯೋಜನವೇ ಸರಿ. ಮನೆಯೊಳಗೆಂದೇ ಸ್ವಚ್ಛವಾದ ಬೇರೊಂದು ಜೊತೆ ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಪಾದರಕ್ಷೆಯೊಂದೇ ಔಷಧವಲ್ಲ. ಗೋಡೆಗೆ ಕೈಯೂರಿ ಮೀನಖಂಡವನ್ನು ನಿಧಾನವಾಗಿ ಹಿಗ್ಗಿಸುವ ವ್ಯಾಯಾಮವೂ ಬೇಕು, ತಾಳ್ಮೆಯೂ ಬೇಕು. ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಆದರೆ ಬಾವು, ಜ್ವರ, ಮರಗಟ್ಟುವಿಕೆ, ಮಲಗಿದಾಗಲೂ ಬಿಡದ ನೋವು, ಬಿದ್ದ ಮೇಲೆ ಕಾಲೂರಲಾಗದ ಸ್ಥಿತಿ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಧುಮೇಹವಿರುವವರು ಪಾದದ ಯಾವ ನೋವನ್ನೂ ಕಡೆಗಣಿಸಬಾರದು.

ಇಂದು ಸಂಜೆ ನಿಮ್ಮ ಮನೆಯ ಬಾಗಿಲ ಬಳಿಯಿರುವ ಚಪ್ಪಲಿಗಳನ್ನೊಮ್ಮೆ ಮಗುಚಿ ನೋಡಿ. ಹಿಮ್ಮಡಿಯ ಬದಿ ಸವೆದು ಓರೆಯಾದದ್ದು ಯಾರದು? ನೋವನ್ನು ಹೇಳಿಕೊಳ್ಳದೆ ದುಡಿಯುವವರದೇ ಇರಬಹುದು. ಮುಂದಿನ ಸಲ ಪೇಟೆಗೆ ಹೋಗುವಾಗ ಅವರ ಪಾದದ ಗೆರೆ ಎಳೆದ ಹಾಳೆಯೂ ನಿಮ್ಮ ಜೇಬಿನಲ್ಲಿರಲಿ.