ಹಿತ್ತಿಲ ಪೆಟ್ಟಿಗೆಯ ಜೇನು

ಕನ್ನಡದಲ್ಲಿ ‘ಜೇನು’ ಎಂದರೆ ಹುಳುವೂ ಹೌದು, ಅದು ಕೂಡಿಟ್ಟ ತುಪ್ಪವೂ ಹೌದು. ಭಾಷೆಯ ಪಾಠ ಹೇಳಿ ಬದುಕಿದವನಿಗೆ ಈ ಮಾತಿನ ಮೇಲೆ ಮೋಹವಿರುವುದು ಸಹಜ. ಆದರೆ ಇಂದು ನಾನು ಹೇಳಹೊರಟಿರುವುದು ನಿಘಂಟಿನ ಜೇನಿನ ವಿಚಾರವಲ್ಲ. ಕೊಪ್ಪದ ಪೇಟೆಯಲ್ಲಿ ನಮ್ಮ ಹಿತ್ತಿಲಿನಲ್ಲಿದ್ದ ನಾಲ್ಕು ಪೆಟ್ಟಿಗೆಗಳ ವಿಚಾರ.

ನಮ್ಮಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆಯನ್ನು. ಬಯಲಲ್ಲಿ ಒಂದೇ ಎರಿ ಕಟ್ಟುವ ಹೆಜ್ಜೇನು ಪೆಟ್ಟಿಗೆಗೆ ಒಗ್ಗದು. ತುಡುವೆ ಸಾಮಾನ್ಯವಾಗಿ ಗೂಡಿನಿಂದ ಒಂದು ಮೈಲಿಯ ಆಸುಪಾಸಿನಲ್ಲೇ ಮೇವು ಹುಡುಕುತ್ತದೆ. ಆದ್ದರಿಂದ ಒಂದು ಪೆಟ್ಟಿಗೆಯ ತುಪ್ಪವೆಂದರೆ ಆ ಒಂದು ಮೈಲಿಯ ರುಚಿ. ಬೆಂಗಳೂರಿನ ಬೀದಿಯ ಜೇನಿಗೆ ಹೊಂಗೆಯ ಹೂ ಒದಗೀತು. ಪ್ಯಾರಿಸ್ಸಿನ ಒಪೆರಾ ಮಂದಿರದ ಛಾವಣಿಯ ಮೇಲೆ 1980ರ ದಶಕದಲ್ಲಿ ಇಟ್ಟ ಗೂಡುಗಳಿಗೆ ಅಲ್ಲಿನ ಉದ್ಯಾನಗಳೇ ಆಸರೆ. ನಮ್ಮ ಪೇಟೆಯ ಹುಳುಗಳಿಗೆ ಹಿತ್ತಿಲ ತೆಂಗು, ನುಗ್ಗೆ, ತುಳಸಿಗಳಿದ್ದವು. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಸುತ್ತಲಿನ ಕಾಫಿ ತೋಟಗಳು ಬೆಳ್ಳಗಾಗುತ್ತಿದ್ದವು. ಅದರ ಹಿಂದೆಯೇ ನೇರಳೆ.

ನೇರಳೆಯ ತುಪ್ಪಕ್ಕೆ ನಾಲಿಗೆಯ ಹಿಂಬದಿಯಲ್ಲಿ ಉಳಿಯುವ ಒಂದು ಕಹಿಯೊಗರಿದೆ. ಒಂದು ವರ್ಷ ತಂದೆಯವರು ಕೊಟ್ಟ ಶೀಶೆಗಳನ್ನು ವರ್ತಕರೊಬ್ಬರು ಹಿಂದಿರುಗಿಸಿದರು. “ಏನು ಸ್ವಾಮಿ, ಬೆಲ್ಲ ಸೀದುಹೋಯಿತೇ?” ಎಂಬ ಮಾತು ಬೇರೆ. ತಂದೆ ಎದುರು ಮಾತನಾಡಲಿಲ್ಲ. ಆದರೆ ಆ ಅಂಗಡಿಯ ಮೆಟ್ಟಿಲನ್ನು ಮತ್ತೆಂದೂ ಹತ್ತಲಿಲ್ಲ. ನರಸಿಂಹರಾಜಪುರದ ಕಡೆಯವರ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ರಬ್ಬರ್ ತೋಟಗಳಿವೆ. ರಬ್ಬರಿನ ಸಿಹಿ ಹೂವಿನದಲ್ಲ. ಎಲೆಯುದುರಿ ಹೊಸ ಚಿಗುರು ಬರುವಾಗ ಎಲೆತೊಟ್ಟಿನ ತುದಿಯಲ್ಲಿ ಒಸರುವ ರಸವನ್ನು ಹುಳುಗಳು ಹೀರುತ್ತವೆ. ಆ ತುಪ್ಪ ಬೇಗನೆ ಹರಳುಗಟ್ಟುತ್ತದೆ. ಕೊಳ್ಳುವವರು ಶೀಶೆ ಅಲುಗಿಸಿ, ಸಕ್ಕರೆ ಬೆರೆಸಿದ್ದಾರೆಂದು ತೀರ್ಮಾನಿಸಿಬಿಡುತ್ತಾರೆ. ಕಾಡು ತೋಟದ ಅಂಚಿಗೇ ಬಂದು ನಿಂತಿರುವ ಶೃಂಗೇರಿಯ ಕಡೆಯ ತುಪ್ಪವಾದರೋ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದೇ ಇಲ್ಲ. ಎಲ್ಲ ಕಾಲಕ್ಕೂ ಒಂದೇ ಬಣ್ಣ, ಒಂದೇ ರುಚಿಯ ತುಪ್ಪ ಬೇಕೆನ್ನುವವರಿಗೆ ನಿಜವಾದದ್ದೇ ಕಲಬೆರಕೆಯಾಗಿ ಕಾಣುವುದು ವಿಪರ್ಯಾಸವಲ್ಲವೇ?

1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಲಾದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ 1991–92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆಗೆ ತಗುಲಿತು. ಮರಿಗಳು ಗೂಡುಕಣ್ಣಿನಲ್ಲಿಯೇ ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಮದ್ದಿರಲಿಲ್ಲ. ನಮ್ಮ ನಾಲ್ಕು ಪೆಟ್ಟಿಗೆಗಳೂ ಒಂದರ ಹಿಂದೊಂದು ಬರಿದಾದವು. ಮಳೆಗಾಲದಲ್ಲಿ ಹೂವಿಲ್ಲದ ದಿನಗಳಿಗೆಂದು ತಂದೆ ಪ್ರತಿವರ್ಷ ಸಕ್ಕರೆ ಪಾಕ ಕಾಯಿಸಿಡುತ್ತಿದ್ದರು. ಆ ವರ್ಷವೂ ಕಾಯಿಸಿದರು, ಕುಡಿಯಲು ಹುಳುಗಳಿರಲಿಲ್ಲ. ಮುಚ್ಚಳ ತೆಗೆದು ನೋಡಿ, ಮೊದಲಿನಂತೆಯೇ ಮುಚ್ಚಿಟ್ಟು ಬಂದರು.

ರೋಗವನ್ನು ತಾಳಿ ಉಳಿದ ಕುಟುಂಬಗಳಿಂದ ತುಡುವೆ ನಿಧಾನವಾಗಿ ಚೇತರಿಸಿಕೊಂಡಿತು. ನಿವೃತ್ತನಾಗಿ ಊರಿಗೆ ಮರಳಿದ ಮೇಲೆ, ಹಳೆಯ ಹಲಸಿನ ಮರದ ಪೊಟರೆಯಲ್ಲಿದ್ದ ಒಂದು ಕುಟುಂಬವನ್ನು ತಂದೆಯ ಪೆಟ್ಟಿಗೆಯೊಂದಕ್ಕೆ ಕೂಡಿಸಿಕೊಂಡಿದ್ದೇನೆ. ಮೊದಲೆರಡು ವರ್ಷ ತುಪ್ಪ ತೆಗೆಯಲಿಲ್ಲ. ಮೂರನೆಯ ವರ್ಷ, ಮಳೆ ಹಿಡಿಯುವ ಮುನ್ನ, ಎರಡು ಶೀಶೆಗಳಷ್ಟು ಬಂದಿತು. ಬೆರಳದ್ದಿ ನೋಡಿದೆ. ಅದೇ ಕಹಿ. ಒಂದು ಶೀಶೆಯನ್ನು ಬೆಂಗಳೂರಿನ ಮಗಳಿಗೆ ಕಳುಹಿಸಿ, ಹಾಳಾಗಿದೆಯೆಂದು ಚೆಲ್ಲಬೇಡವೆಂದು ಒಂದು ಚೀಟಿಯನ್ನೂ ಜೊತೆಗಿಟ್ಟೆ.