ಗಡಿಯಾರಕ್ಕೆ ಮೊದಲಿನ ಕಾಲ

ಮಗುವಿಗೆ ಕಾಲದ ಅರಿವು ಮೊದಲು ಮೂಡುವುದು ಹಲ್ಲುಜ್ಜಿದ ಮೇಲೆ ಸ್ನಾನ, ಸ್ನಾನದ ಮೇಲೆ ತಿಂಡಿ, ತಿಂಡಿಯ ಮೇಲೆ ಅಂಗನವಾಡಿ ಎಂಬ ದಿನಚರಿಯ ಅನುಕ್ರಮದಿಂದ, ಅಂದರೆ ಒಂದರ ನಂತರ ಒಂದು ಘಟಿಸುವ ಕ್ರಮದಿಂದ. ಅವಧಿ, ಎಂದರೆ ಎರಡು ಘಟನೆಗಳ ನಡುವೆ ಸಂದ ಕಾಲದ ಪ್ರಮಾಣ, ಇದಕ್ಕಿಂತ ಬಹಳ ಕಠಿಣವಾದ ಕಲ್ಪನೆ. 1928ರಲ್ಲಿ ಐನ್‌ಸ್ಟೈನ್ ಕೇಳಿದ ಪ್ರಶ್ನೆಯಿಂದ ಪ್ರೇರಿತರಾಗಿ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ ನಡೆಸಿದ ಪ್ರಯೋಗಗಳಲ್ಲಿ, ಒಟ್ಟಿಗೆ ಹೊರಟು ಒಟ್ಟಿಗೆ ನಿಂತ ಎರಡು ಗೊಂಬೆಗಳ ಪೈಕಿ ಹೆಚ್ಚು ದೂರ ಸಾಗಿದ್ದೇ ಹೆಚ್ಚು ಹೊತ್ತು ಚಲಿಸಿತೆಂದು ಎಳೆಯ ಮಕ್ಕಳು ಹೇಳುತ್ತಿದ್ದರು. ದೂರ, ವೇಗ, ಕಾಲಗಳು ಅವರ ಮನಸ್ಸಿನಲ್ಲಿ ಇನ್ನೂ ಬೇರ್ಪಟ್ಟಿರಲಿಲ್ಲ. ಆದುದರಿಂದ 'ಐದೇ ನಿಮಿಷ ತಾಳು' ಎಂಬ ಹಿರಿಯರ ಮಾತು (ಆ ಐದು ನಿಮಿಷ ಐದಾಗಿರುವುದೂ ಅಪರೂಪವೇ) ಮಗುವಿಗೆ ಹಿಡಿತಕ್ಕೆ ಸಿಗದು, 'ಅನ್ನ ಬೆಂದ ಮೇಲೆ' ಎಂಬುದು ಸಿಗುತ್ತದೆ. ಮುಳ್ಳಿನ ಗಡಿಯಾರದ ತೊಡಕು ಬೇರೆಯದು: ಅದರಲ್ಲಿನ ಮೂರು ಎಂಬ ಅಂಕಿ ಗಂಟೆಯ ಚಿಕ್ಕ ಮುಳ್ಳಿಗೆ ಮೂರೇ ಆದರೂ ನಿಮಿಷದ ದೊಡ್ಡ ಮುಳ್ಳಿಗೆ ಹದಿನೈದಾಗುವುದರಿಂದ, ಐದರ ಮಗ್ಗಿ ಬಾರದ ಮಗುವಿಗೆ ನಿಮಿಷಗಳನ್ನು ಕಲಿಸಹೊರಡುವುದು ಅವಸರವೇ ಸರಿ. ದೊಡ್ಡ ಮುಳ್ಳನ್ನು ತೆಗೆದಿಟ್ಟ ರಟ್ಟಿನ ಗಡಿಯಾರದಲ್ಲಿ 'ಎಂಟು ದಾಟಿದೆ, ಒಂಬತ್ತಾಗಿಲ್ಲ' ಎಂದು ಓದಿಸುವ ಶಿಕ್ಷಕರು ಅಂದಾಜು ಮಾಡುವುದನ್ನೂ ಜೊತೆಗೇ ಕಲಿಸಿರುತ್ತಾರೆ.